ಪೆಡಲಿನ ಈಚೆ

ಡೀಸೆಲ್ ಇಂಜಿನ್ನಿಗೆ ಸಿಕ್ಕಿಸುವ ಆ ಪುಟ್ಟ ಡಬ್ಬಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಸೋಪಿನ ಪೆಟ್ಟಿಗೆಯಷ್ಟು ಗಾತ್ರ, ಎರಡು ವೈರು, ಒಂದು ಹಸಿರು ದೀಪ. ಸಿಕ್ಕಿಸಿದರೆ ಸಾಕು, ಗಾಡಿ ಹುಲಿಯಾಗುತ್ತದೆ ಎಂದು ಮೇಲೆ ಬರೆದಿರುತ್ತದೆ. ಇಪ್ಪತ್ತೆಂಟು ವರ್ಷ ಡೀಸೆಲ್ ಗಾಡಿಗಳ ಹೊಟ್ಟೆಯೊಳಗೆ ಕೈಹಾಕಿ ಬದುಕಿದವನು ನಾನು. ಶಕ್ತಿ ಅಷ್ಟು ಸುಲಭವಾಗಿ ಸಿಗುವುದಾದರೆ ನನ್ನ ಗ್ಯಾರೇಜಿಗೆ ಬೀಗ ಹಾಕಿ ಎಂದೋ ಮನೆಯಲ್ಲಿ ಕೂರುತ್ತಿದ್ದೆ.

ಅದು ಮಾಡುವ ಕೆಲಸ ಒಂದೇ, ಸುಳ್ಳು ಹೇಳುವುದು. ಇಂಜಿನ್ನಿಗೆ ಡೀಸೆಲ್ ಎಷ್ಟು ಒತ್ತಡದಲ್ಲಿ ಹೋಗುತ್ತಿದೆ ಎಂದು ಅಳೆದು ಗಾಡಿಯ ಕಂಪ್ಯೂಟರಿಗೆ ವರದಿ ಕೊಡಲು ಒಂದು ಸೆನ್ಸರ್ ಇರುತ್ತದೆ. ಡಬ್ಬಿ ಹೋಗಿ ಇವರಿಬ್ಬರ ನಡುವೆ ಕೂರುತ್ತದೆ. ಸೆನ್ಸರ್ ‘ಸಾಕಷ್ಟಿದೆ’ ಎಂದರೆ ಇದು ‘ಸಾಲದಂತೆ’ ಎಂದು ದಾಟಿಸುತ್ತದೆ. ಪಾಪದ ಕಂಪ್ಯೂಟರ್ ನಂಬಿಕೊಂಡು ಇನ್ನಷ್ಟು ಒತ್ತಡ ಕೊಡುತ್ತದೆ. ಅಮ್ಮನ ಹತ್ತಿರ ಉಂಡು ಬಂದ ಮಗು ಅಜ್ಜಿಯ ಹತ್ತಿರ ‘ಬೆಳಗ್ಗಿಂದ ಏನೂ ತಿಂದಿಲ್ಲ’ ಎಂದು ಇನ್ನೊಂದು ಸಲ ಉಂಡ ಹಾಗೆ. ನಾಲ್ಕು ದಿನ ಮಗು ಗುಂಡಗುಂಡಗೆ ಕಾಣುತ್ತದೆ, ನಿಜ. ಐದನೆಯ ದಿನ ಹೊಟ್ಟೆ ಕೆಡುತ್ತದೆ.

ಇದನ್ನೆಲ್ಲ ನಾನು ಭಾವನಿಗೆ ಮೂರು ಸಲ ಬಿಡಿಸಿ ಹೇಳಿದ್ದೆ. ಮೂರು ಸಲವೂ ಅವರು ಗಂಭೀರವಾಗಿ ತಲೆಯಾಡಿಸಿ, ಕೊನೆಗೆ, "ಅದೆಲ್ಲಾ ಸರಿ. ಯಾವಾಗ ಹಾಕ್ತೀಯಾ?" ಎಂದಿದ್ದರು.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಅರವತ್ತಾರು ವರ್ಷ. ಬಸ್ಸು ಓಡಿಸಿ ನಿವೃತ್ತರಾದವರು, ನಲವತ್ತು ವರ್ಷದಲ್ಲಿ ಯಾರಿಗೂ ಒಂದು ಗೀರು ಮಾಡಿದವರಲ್ಲ. ಬಸ್ಸು ಬಿಟ್ಟ ಮರುತಿಂಗಳೇ ಎಂಟು ಸೀಟಿನ ಒಂದು ಡೀಸೆಲ್ ಗಾಡಿ ತಂದರು. ಗುಡ್ಡದ ಮೇಲಿನ ಆಸ್ಪತ್ರೆಯ ನರ್ಸುಗಳನ್ನು ಬೆಳಗ್ಗೆ ಆರಕ್ಕೆ ಹತ್ತಿಸಿಕೊಂಡು ಹೋಗುವುದು, ಪಾಳಿ ಮುಗಿದವರನ್ನು ಇಳಿಸಿಕೊಂಡು ಬರುವುದು. ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಏನೂ ಇಲ್ಲ.

ನನಗೆ ಈ ಕಸುಬು ಕಲಿಸಿದವರೂ ಅವರೇ. ಮೊದಲ ದಿನ ಹನ್ನೆರಡರ ಸ್ಪ್ಯಾನರ್ ಕೇಳಿದರೆ ಹದಿಮೂರು ತಂದುಕೊಟ್ಟೆನಂತೆ. ಅಂದಿನಿಂದ ಇಂದಿನವರೆಗೆ ನಾನು ಅವರಿಗೆ ‘ಹದಿಮೂರು’. ನನ್ನ ಮದುವೆಯ ದಿನ ತುಂಬಿದ ಸಭೆಯಲ್ಲಿ "ಏ ಹದಿಮೂರು, ಬಾರೋ ಇಲ್ಲಿ" ಎಂದು ಕೂಗಿದ್ದರು. "ಗಾಡಿ ಬಾಯಿ ಬಿಟ್ಟು ಹೇಳುತ್ತೆ ಕಣೋ, ನಿಂಗೆ ಕಿವಿ ಇರ್ಬೇಕು ಅಷ್ಟೆ" ಎನ್ನುವುದು ಅವರ ಪಾಠ. ಬೀದಿಯ ಮೂಲೆಯಲ್ಲಿ ಬರುತ್ತಿರುವ ಗಾಡಿಯ ಯಾವ ಬೇರಿಂಗ್ ಹೋಗಿದೆ ಎಂದು ನಾನು ಕೂತಲ್ಲೇ ಹೇಳಬಲ್ಲೆ. ಆ ಜಂಬ ನನಗೆ ಇತ್ತು, ಸುಳ್ಳು ಹೇಳಬಾರದು.

ಮೂರು ತಿಂಗಳಿಂದ ಅವರದು ಒಂದೇ ದೂರು. ಗಾಡಿ ಗುಡ್ಡ ಹತ್ತುವುದಿಲ್ಲ. ಆರನೆಯ ತಿರುವಿನ ಮೇಲೆ ಏದುಸಿರು ಬಿಡುತ್ತದೆ. ಎಷ್ಟು ತುಳಿದರೂ ಜಪ್ಪಯ್ಯ ಅನ್ನುವುದಿಲ್ಲ.

ನಾನು ಏರ್ ಫಿಲ್ಟರ್ ಬದಲಿಸಿದೆ. ಡೀಸೆಲ್ ಫಿಲ್ಟರ್ ಬದಲಿಸಿದೆ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನೆಲ್ಲ ಬಿಚ್ಚಿ ಸೋಪಿನ ನೀರಲ್ಲಿ ಮುಳುಗಿಸಿ ತೂತು ಹುಡುಕಿದೆ. ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ತೆಗೆದು ಪರೀಕ್ಷೆಗೆ ಕಳಿಸಿದೆ, ನಾಲ್ಕೂ ಹೊಸದರ ಹಾಗಿವೆ ಎಂದು ವಾಪಸು ಬಂದವು. ಪ್ರತಿ ಸಲವೂ ನಾನೇ ಗುಡ್ಡಕ್ಕೆ ಓಡಿಸಿ ನೋಡುತ್ತಿದ್ದೆ. ಆರನೆಯ ತಿರುವಿನಲ್ಲಿ ಕುರಿಮರಿ ನೆಗೆದ ಹಾಗೆ ನೆಗೆಯುತ್ತಿತ್ತು. ಮರುದಿನ ಭಾವ ಬಂದು, "ಅದೇ ರಾಗ, ಅದೇ ಹಾಡು" ಎನ್ನುವರು.

ಒಮ್ಮೆ ನನಗೂ ರೇಗಿತು. "ಭಾವ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನ್ನ ಕೈಲಿ ಸರಿ ಹೋಗೋ ಗಾಡಿ ನಿಮ್ಮ ಕೈಲಿ ಯಾಕೆ ಹೋಗಲ್ಲ?" ಎಂದುಬಿಟ್ಟೆ.

ತಮಾಷೆಗೆ ಅಂದ ಮಾತು. ಅವರು ಎಂದಿನ ಹಾಗೆ ತಿರುಗಿಸಿ ಕೊಡಲಿಲ್ಲ. ಕೀ ಬೆರಳಿಗೆ ಸುತ್ತಿಕೊಂಡು, "ಹಲ್ಲುನೋವು ಡಾಕ್ಟರ್ ಮುಂದೆ ಮಾಯ ಆಗುತ್ತಲ್ಲ, ಹಾಗೆ ಇದು" ಎಂದರು. ನಾನು ಒಪ್ಪಿದೆ. ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ಕಾಯಿಲೆಯಷ್ಟು ಮೆಕ್ಯಾನಿಕ್ಕನ ಪ್ರಾಣ ತಿನ್ನುವುದು ಇನ್ನೊಂದಿಲ್ಲ.

ಆ ದಿನಗಳಲ್ಲೇ ಒಮ್ಮೆ ಅಕ್ಕ ಗ್ಯಾರೇಜಿಗೆ ಬಂದಿದ್ದಳು. ಚೀಲದಿಂದ ಭಾವನ ಕರಿ ಬೂಟು ತೆಗೆದು ನನ್ನ ಬೆಂಚಿನ ಮೇಲಿಟ್ಟಳು. "ನಿನ್ನ ಹತ್ರ ಗಟ್ಟಿ ಗಮ್ ಇರುತ್ತಲ್ಲ, ಸ್ವಲ್ಪ ಹಚ್ಕೊಡು. ಎರಡು ಸಲ ಅಂಟಿಸಿದ್ದೀನಿ. ಬಲಗಾಲಿಂದೇ ನೋಡು, ಮೂತಿ ಹೆಂಗೆ ಸವೆದಿದೆ!"

"ಈಗಿನ ಬೂಟೆಲ್ಲಾ ಇಷ್ಟೇ ಅಕ್ಕ, ಕಾಗದದಲ್ಲಿ ಮಾಡ್ತಾರೆ" ಎಂದು ಹೇಳಿ ಅಂಟಿಸಿಕೊಟ್ಟೆ.

ಟೈರು ಒಂದು ಪಕ್ಕ ಸವೆದಿದ್ದರೆ ‘ಚಕ್ರ ಸೊಟ್ಟಗೆ ಓಡ್ತಿದೆ, ಬಿಚ್ಚು’ ಎನ್ನುವವನು ನಾನು. ಒಂದೇ ಕಾಲಿನ ಬೂಟು ಸವೆದದ್ದನ್ನು ಕೈಯಲ್ಲಿ ಹಿಡಿದು ನೋಡಿದೆ, ಬೂಟು ಮಾಡಿದವನನ್ನು ಬೈದೆ, ಮುಂದಿನ ಕೆಲಸಕ್ಕೆ ಹೋದೆ.

ಕೊನೆಗೆ ಸೋತು ಡಬ್ಬಿ ತರಿಸಿದೆ. ಭಾವನ ಮುಖ ನೋಡಬೇಕಿತ್ತು. ಬಾನೆಟ್ಟಿನ ಮೇಲೆ ಎರಡೂ ಮೊಣಕೈ ಊರಿ, ನಾನು ಸೆನ್ಸರಿನ ಪ್ಲಗ್ಗು ಬಿಚ್ಚಿ ಡಬ್ಬಿಯ ವೈರು ಸಿಕ್ಕಿಸುವುದನ್ನೇ ನೋಡುತ್ತಿದ್ದರು. ಹಸಿರು ದೀಪ ಹತ್ತಿತು.

"ಇಷ್ಟೇನಾ?"

"ಇಷ್ಟೇ. ಸುಳ್ಳು ಹೇಳೋಕೆ ಎಷ್ಟು ಹೊತ್ತು ಬೇಕು ಭಾವ?"

ಡಬ್ಬಿ ಒತ್ತಡವನ್ನು ಎಲ್ಲಿಯವರೆಗೆ ಏರಿಸುತ್ತದೆ ಎಂದು ನೋಡಿಕೊಳ್ಳದೆ ಬಿಡುವುದು ನನ್ನ ಜಾಯಮಾನವಲ್ಲ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರಿನ ವೈರನ್ನು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿ, ಅದರ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತೆ. ಓಡಿಸಿದ್ದು ಭಾವ. ಇಷ್ಟು ತಿಂಗಳಲ್ಲಿ ಅವರು ಓಡಿಸುವಾಗ ಸ್ಕ್ಯಾನರ್ ಹಿಡಿದು ಕೂತದ್ದು ಅದೇ ಮೊದಲ ಸಲ.

ಗಾಡಿ ಚೆನ್ನಾಗಿ ಹತ್ತಿತು. ಆರನೆಯ ತಿರುವು ದಾಟುವಾಗ ಭಾವ ಹಿಗ್ಗಿ ಹೀರೇಕಾಯಿಯಾಗಿದ್ದರು.

"ನೋಡು ನೋಡು! ಪೂರ್ತಿ ತುಳಿದಿದ್ದೀನಿ. ಹೆಂಗೆ ಕಿತ್ಕೊಂಡು ಹೋಗ್ತಿದೆ!"

ಪರದೆಯಲ್ಲಿ ಹತ್ತು ಸಾಲುಗಳಿದ್ದವು. ಡೀಸೆಲ್ ಒತ್ತಡ, ಗಾಳಿಯ ಒತ್ತಡ, ವೇಗ. ಕೆಳಗಡೆಯ ಸಾಲು, ಆಕ್ಸಿಲರೇಟರ್ ಪೆಡಲನ್ನು ಎಷ್ಟು ತುಳಿದಿದ್ದಾರೆ ಎನ್ನುವುದು. ಪೂರ್ತಿ ತುಳಿದರೆ ನೂರು ಬರಬೇಕು. ಅಲ್ಲಿ ಐವತ್ತೆಂಟು ಇತ್ತು.

"ಪೂರ್ತಿನಾ ಭಾವ?"

"ಮತ್ತೆ? ನೆಲಕ್ಕೆ ಅಂಟಿಸಿದ್ದೀನಿ."

ಐವತ್ತೆಂಟು. ಏಳನೆಯ ತಿರುವಿನಲ್ಲಿ ಐವತ್ತೇಳು.

ನನ್ನ ಬುದ್ಧಿ ನೋಡಿ. ಆಗಲೂ ನನಗೆ ಹೊಳೆದದ್ದು ಪೆಡಲಿನ ಸೆನ್ಸರ್ ಕೆಟ್ಟಿದೆ ಎಂದೇ. ಇಷ್ಟು ದಿನ ಇದನ್ನು ಹೇಗೆ ಬಿಟ್ಟೆ ಎಂದು ಖುಷಿಯೂ ಆಯಿತು. ವಾಪಸು ಬಂದು, ಭಾವ ಕೈ ತೊಳೆಯಲು ಹಿಂದಕ್ಕೆ ಹೋದಾಗ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ತುಳಿದೆ. ನೂರು. ಬಿಟ್ಟೆ, ಸೊನ್ನೆ. ಮತ್ತೆ ತುಳಿದೆ, ನೂರು. ಮಧ್ಯದಲ್ಲಿ ಎಲ್ಲೂ ತಡವರಿಕೆ ಇಲ್ಲ.

ಆಗ ಭಾವ ಕೈ ಒರೆಸಿಕೊಂಡು ಬಾಗಿಲಿಂದ ಈಚೆ ಬರುತ್ತಿದ್ದರು. ಬಾಗಿಲಲ್ಲಿ ಒಂದು ಸಣ್ಣ ಹೊಸ್ತಿಲಿದೆ. ಎಡಗಾಲು ದಾಟಿತು. ಬಲಗಾಲಿನ ತುದಿ ಹೊಸ್ತಿಲಿಗೆ ಉಜ್ಜಿಕೊಂಡು ಬಂತು. ಅವರು ಚೌಕಟ್ಟು ಹಿಡಿದು ಸಾವರಿಸಿಕೊಂಡು, ಏನೂ ಆಗದವರ ಹಾಗೆ ನಕ್ಕರು.

 ಮೂರು ತಿಂಗಳು ಫಿಲ್ಟರ್, ಪೈಪು, ಇಂಜೆಕ್ಟರ್ ಎಂದು ಪೆಡಲಿನಿಂದ ಆಚೆಗೆ ಇರುವುದನ್ನೆಲ್ಲ ಬಿಚ್ಚಿ ಜೋಡಿಸಿದ್ದೆ. ಪೆಡಲಿನ ಈಚೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಅಷ್ಟು ಸಂತೋಷವಾಗಿದ್ದರು. ಬಾನೆಟ್ ಮುಚ್ಚಿ ಅದರ ಮೇಲೆ ಎರಡು ಸಲ ತಟ್ಟಿ, "ನಿನ್ನ ಕೈಗುಣ ದೊಡ್ಡದು ಹದಿಮೂರು" ಎಂದರು. ಈ ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಹೊಗಳಿಕೆ ಬಂದದ್ದು ಎಷ್ಟು ಸಲ ಎಂದು ಎಣಿಸಲು ಒಂದು ಕೈ ಸಾಕು. ನಾನು ಹಲ್ಲು ಕಿರಿದೆ. ಗಾಡಿ ಬೀದಿ ತಿರುಗಿ ಹೋಯಿತು.

ಸಂಜೆಯವರೆಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಯಸ್ಸಾದ ಮೇಲೆ ಯಾರ ಕಾಲು ಗಟ್ಟಿಯಿರುತ್ತದೆ? ಈಗ ಹೇಗೂ ಡಬ್ಬಿ ಇದೆ, ಅರ್ಧ ತುಳಿದರೂ ಗಾಡಿ ಹತ್ತುತ್ತದೆ. ಸ್ಟೀರಿಂಗ್ ಕಿತ್ತುಕೊಂಡರೆ ಅವರಿಗೆ ಉಳಿಯುವುದಾದರೂ ಏನು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಗ್ಯಾರೇಜಿನ ಶಟರ್ ಎಳೆಯುವ ಹೊತ್ತಿಗೆ ಒಂದು ವ್ಯಾನು ಬಂತು, ಹಿಂದಿನ ಚಕ್ರದಲ್ಲಿ ಕಿರ್ ಅನ್ನುತ್ತಿದೆ ಎಂದು. ಬ್ರೇಕ್ ಪ್ಯಾಡ್ ಸವೆದಿತ್ತು. ಜ್ಯಾಕ್ ಏರಿಸಿ ಚಕ್ರ ಬಿಚ್ಚಿ ಆ ತೆಳು ಪ್ಯಾಡನ್ನು ಕೈಯಲ್ಲಿ ಹಿಡಿದಾಗ ಭಾವನ ಬಲಗಾಲು ನೆನಪಾಯಿತು.

ಆಕ್ಸಿಲರೇಟರ್ ತುಳಿಯುವ ಕಾಲೇ ಬ್ರೇಕ್ ತುಳಿಯುವ ಕಾಲು. ಹತ್ತುವಾಗಿನ ಕೊರತೆಗೆ ಡಬ್ಬಿ ಸಿಕ್ಕಿಸಿದೆ. ಇಳಿಯುವಾಗ? ಹಿಂದೆ ಆರು ಜನ ಪಾಳಿ ಮುಗಿಸಿ ತೂಕಡಿಸುತ್ತಾ ಕೂತಿರುತ್ತಾರೆ. ಬ್ರೇಕಿಗೆ ಅಂಥ ಡಬ್ಬಿ ಯಾರೂ ಮಾಡಿಲ್ಲ.

ಬೆಳಗ್ಗೆ ಐದೂವರೆಗೆ ಅಕ್ಕನ ಮನೆಯ ಗೇಟಿನ ಮುಂದಿದ್ದೆ. ಭಾವ ಆಗಲೇ ಗಾಡಿಯ ಗಾಜು ಒರೆಸುತ್ತಿದ್ದರು. ಅಕ್ಕ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

"ಏನೋ, ಸೂರ್ಯ ಯಾವ ಕಡೆ ಹುಟ್ಟಿದ? ಹತ್ತು ಗಂಟೆಗೆ ಶಟರ್ ತೆಗೆಯೋನು ನೀನು" ಎಂದರು ಭಾವ.

"ಇನ್ನೂ ಹುಟ್ಟಿಲ್ಲ ಭಾವ. ಒಂದು ಸಲ ಬ್ರೇಕ್ ನೋಡ್ಬೇಕಿತ್ತು. ಕೂತ್ಕೊಳ್ಳಿ."

ಕೂತರು. ನಾನು ಸ್ಕ್ಯಾನರ್ ಸಿಕ್ಕಿಸಿ, ಪರದೆಯನ್ನು ಅವರಿಗೆ ಕಾಣುವ ಹಾಗೆ ಸ್ಟೀರಿಂಗಿಗೆ ಆನಿಸಿಟ್ಟು, ಬಾಗಿಲ ಬಳಿ ಮಂಡಿಯೂರಿದೆ. ಆಕ್ಸಿಲರೇಟರ್ ತೋರಿಸಿ, "ಮೊದಲು ಇದನ್ನ ಪೂರ್ತಿ ತುಳೀರಿ" ಎಂದೆ.

"ಬ್ರೇಕ್ ಅಂದೆಯಲ್ಲ?"

"ತುಳೀರಿ ಭಾವ."

ತುಳಿದರು. ಪರದೆಯಲ್ಲಿ ಐವತ್ತಾರು.

"ಇನ್ನೂ."

"ಇನ್ನೆಲ್ಲಿ? ಕೊನೆ ಮುಟ್ಟಿದೆ."

ನಾನು ಅವರ ಬೂಟಿನ ಮೇಲೆ ಅಂಗೈ ಇಟ್ಟು ಒತ್ತಿದೆ. ಪೆಡಲ್ ಇನ್ನೂ ಕೆಳಗೆ ಹೋಗಿ ನೆಲ ಮುಟ್ಟಿತು. ಪರದೆಯಲ್ಲಿ ನೂರು. ಕೈ ತೆಗೆದೆ, ಐವತ್ತಾರಕ್ಕೆ ಬಂತು. ಮತ್ತೆ ಒತ್ತಿದೆ, ನೂರು. ನಾನು ತಲೆ ಎತ್ತಿ ಅವರ ಮುಖ ನೋಡಲಿಲ್ಲ, ಧೈರ್ಯ ಬರಲಿಲ್ಲ. ನಾನೇ ಅಂಟಿಸಿಕೊಟ್ಟ ಬೂಟಿನ ಮೂತಿಯನ್ನೇ ನೋಡುತ್ತಾ, "ಈಗ ಎಡಗಾಲಲ್ಲಿ ತುಳೀರಿ" ಎಂದೆ. ಎಡಗಾಲು ಒಂದೇ ಏಟಿಗೆ ನೂರು ಮುಟ್ಟಿಸಿತು.

 ಅಕ್ಕ ಮೆಟ್ಟಿಲಿಳಿದು ಬಂದು ಬಾಗಿಲ ಹತ್ತಿರ ನಿಂತಳು. ಅವಳಿಗೆ ನೂರು, ಐವತ್ತಾರು ಒಂದೂ ಬೇಕಾಗಿರಲಿಲ್ಲ. ನನ್ನ ಕೈ ಎಲ್ಲಿದೆ ಎಂದು ನೋಡಿಯೇ ಅರ್ಥವಾಗಿತ್ತು.

"ಜೋಮು ಅಂತಿದ್ರಿ" ಎಂದಳು ಅವರಿಗೆ. "ಕೂತೂ ಕೂತೂ ಜೋಮು ಹಿಡಿದಿದೆ, ಹೋಗುತ್ತೆ ಅಂತಿದ್ರಿ."

ಭಾವ ಪರದೆಯ ಮೇಲಿದ್ದ ಸಂಖ್ಯೆಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, "ಅಂದ್ರೆ ಗಾಡಿಗೇನೂ ಆಗಿಲ್ಲ" ಎಂದರು.

"ಏನೂ ಆಗಿಲ್ಲ ಭಾವ. ಹೊಸದರ ಹಾಗಿದೆ."

"ಮೂರು ತಿಂಗಳು ಸುಮ್ ಸುಮ್ನೆ ಬೈದೆ ಅದನ್ನ" ಎಂದು ಸ್ಟೀರಿಂಗನ್ನು ಒಮ್ಮೆ ಸವರಿದರು. ನನಗೆ ಅಳು ಬಂತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆರಕ್ಕೆ ಹತ್ತು ನಿಮಿಷವಿತ್ತು. ನರ್ಸುಗಳು ಅಂಚೆ ಕಚೇರಿಯ ಮುಂದೆ ಕಾಯುತ್ತಿರುತ್ತಾರೆ. ಭಾವ ಕೀ ನನ್ನ ಕಡೆ ಚಾಚಿ, "ಅವರನ್ನ ಕಾಯಿಸ್ಬಾರದು. ನೀನು ಓಡ್ಸು, ನಾನು ಪಕ್ಕ ಕೂರ್ತೀನಿ" ಎಂದರು. ಗಾಡಿಯ ಮುಂಭಾಗ ಹಿಡಿದು ಸುತ್ತಿ ಬಂದು ಪಕ್ಕದ ಸೀಟಿಗೆ ಹತ್ತಿದರು. ಆ ಸೀಟಿನಲ್ಲಿ ಅವರು ಕೂತದ್ದನ್ನು ನಾನು ಅವತ್ತೇ ನೋಡಿದ್ದು.

ಅಂಚೆ ಕಚೇರಿಯ ಮುಂದೆ ಆರು ಜನ ಹತ್ತಿದರು. ಕೊನೆಗೆ ಹತ್ತಿದ ಹಿರಿಯ ನರ್ಸು, ಕನ್ನಡಕದ ಮೇಲಿಂದ ನನ್ನನ್ನೂ ಭಾವನನ್ನೂ ನೋಡಿ, ಬಾಗಿಲು ಎಳೆದುಕೊಂಡು, "ಅಂತೂ ಯಾರಾದ್ರೂ ಹೇಳಿದ್ರಾ?" ಎಂದರು.

ಭಾವ ತಿರುಗಿದರು. "ನಿಮಗೂ ಗೊತ್ತಿತ್ತಾ ಸಿಸ್ಟರ್?"

"ಕಾಲು ಎಳೀತಿದ್ರಲ್ಲ. ಹೇಳ್ಬೇಕು ಹೇಳ್ಬೇಕು ಅಂತ ಎರಡು ತಿಂಗಳಿಂದ ಅಂದ್ಕೊಂಡೆ. ದಿನಾ ನಗ್ತಾ ಬಾಗಿಲು ತೆಗೆದುಕೊಡ್ತಿದ್ರಿ, ಬಾಯಿ ಬರ್ಲಿಲ್ಲ. ತಪ್ಪು ನಂದೇ."

ಎಲ್ಲರ ಹತ್ತಿರವೂ ಒಂದೊಂದು ಡಬ್ಬಿ ಇತ್ತು ಎಂದುಕೊಂಡೆ. ಅಕ್ಕ ಬೂಟಿಗೆ ಗಮ್ ಹಚ್ಚಿಸಿದಳು, ಇವರು ಬಾಯಿ ಮುಚ್ಚಿಕೊಂಡರು, ನಾನಂತೂ ಹಸಿರು ದೀಪದ್ದನ್ನೇ ಸಿಕ್ಕಿಸಿದೆ. ಎಲ್ಲ ಪ್ರೀತಿಯಿಂದಲೇ.

ಗುಡ್ಡದ ರಸ್ತೆಯಲ್ಲಿ ಭಾವ ಹೇಳಿಕೊಡುತ್ತಾ ಹೋದರು. "ಇಲ್ಲಿ ಎರಡಕ್ಕೆ ಹಾಕು. ಹಾರ್ನ್ ಹೊಡಿ. ಒಳಗಡೆ ಹಿಡಿ, ಒಳಗಡೆ." ಅವರ ದನಿ ಸರಿಯಾಗೇ ಇತ್ತು. ಎಂಟನೆಯ ತಿರುವು ದಾಟಿದ ಮೇಲೆ ರಸ್ತೆ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಅಲ್ಲಿ, ಮೂಲೆಯಾಚೆ, ಹಾಲಿನ ವ್ಯಾನೊಂದು ಟೈರು ಸಿಡಿದು ರಸ್ತೆಯ ನಡುವೆಯೇ ನಿಂತಿತ್ತು. ಹುಡುಕಿಕೊಂಡು ಹೋಗಿ ನಿಲ್ಲಿಸಿದ ಹಾಗೆ ಅಡ್ಡಕ್ಕೆ.

ನಾನು ಬ್ರೇಕ್ ತುಳಿದೆ, ಪೂರ್ತಿ. ಹಿಂದೆ ಆರೂ ಜನ ಮುಂದಕ್ಕೆ ವಾಲಿದರು, ಯಾರದೋ ಟಿಫಿನ್ ಡಬ್ಬಿ ಉರುಳಿತು. ಗಾಡಿ ವ್ಯಾನಿಗೆ ಒಂದು ಮೊಳ ಉಳಿದಿರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಭಾವನ ಕಡೆ ನೋಡಿದೆ. ಅವರು ವ್ಯಾನನ್ನು ನೋಡುತ್ತಿರಲಿಲ್ಲ. ತಮ್ಮ ಕಾಲನ್ನು ನೋಡುತ್ತಿದ್ದರು. ನಲವತ್ತು ವರ್ಷ ಓಡಿಸಿದ ಡ್ರೈವರು ಪಕ್ಕದ ಸೀಟಿನಲ್ಲಿ ಕೂತರೆ ಇಲ್ಲದ ಬ್ರೇಕನ್ನು ತುಳಿದೇ ತುಳಿಯುತ್ತಾನೆ. ಅದು ಮನಸ್ಸನ್ನು ಕೇಳಿ ಆಗುವ ಕೆಲಸವಲ್ಲ. ಅವರ ಕೈ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಎಡಗಾಲು ಸೆಟೆದಿತ್ತು. ಬಲಗಾಲು ಹತ್ತುವಾಗ ಎಲ್ಲಿಟ್ಟಿದ್ದರೋ ಅಲ್ಲೇ, ಗೇರಿನ ಪಕ್ಕದಲ್ಲಿ, ಸುಮ್ಮನೆ ಮಲಗಿತ್ತು.

"ಏಳ್ಲೇ ಇಲ್ಲ ಕಣೋ" ಎಂದರು, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ. "ತುಳಿ ಅಂದೆ. ಅದು ಏಳ್ಲೇ ಇಲ್ಲ."

ವ್ಯಾನನ್ನು ಪಕ್ಕಕ್ಕೆ ತಳ್ಳಿದ ಮೇಲೆ ಮುಂದೆ ಹೋದೆವು. ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೂ ಇಳಿದರು. ಹಿರಿಯ ನರ್ಸು, "ನರದ ಡಾಕ್ಟರ್ ಎಂಟೂವರೆಗೆ ಬರ್ತಾರೆ. ಮೊದಲ ಚೀಟಿ ನಿಮ್ದೇ ಮಾಡಿಸ್ತೀನಿ. ಸೊಂಟದ ಹತ್ರ ನರ ಒತ್ತಿದ್ರೂ ಹೀಗಾಗುತ್ತೆ. ಎಷ್ಟು ಬೇಗ ತೋರಿಸಿದ್ರೆ ಅಷ್ಟು ಒಳ್ಳೇದು" ಎಂದು ಹೇಳಿ ಒಳಗೆ ಹೋದರು. ಪೂರ್ತಿ ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ, ಹೇಳದೇ ಇದ್ದದ್ದನ್ನು ನಾವಿಬ್ಬರೂ ಗಮನಿಸಿದೆವು.

ಭಾವ ನೇರವಾಗಿ ಹೋಗಿ ಬಾನೆಟ್ ಎತ್ತಿದರು. ಬಿಸಿ ಆರಲು ಸ್ವಲ್ಪ ಹೊತ್ತು ಬಿಟ್ಟು, ಡಬ್ಬಿಯ ವೈರನ್ನು ತಾವೇ ಬಿಚ್ಚಿದರು. ಸೆನ್ಸರಿನ ಪ್ಲಗ್ಗನ್ನು ಮೊದಲಿದ್ದಲ್ಲಿಗೆ ಟಕ್ಕೆಂದು ಕೂರಿಸಿದರು. ಹಸಿರು ದೀಪ ಆರಿದ ಡಬ್ಬಿಯನ್ನು ಕರ್ಚೀಫಿನಲ್ಲಿ ಒರೆಸಿ ನನ್ನ ಕೈಯಲ್ಲಿಟ್ಟರು.

"ವಾಪಸ್ ತಗೋತಾರಾ?"

"ತಗೋತಾರೆ ಭಾವ. ಒಂದು ತಿಂಗಳ ಗ್ಯಾರಂಟಿ ಇದೆ."

"ಕಳ್ಸಿಬಿಡು. ಪಾಪದ ಗಾಡಿ, ಅದಕ್ಯಾಕೆ ಸುಳ್ಳು."

ಬಾನೆಟ್ ಮುಚ್ಚಿ ಆಸ್ಪತ್ರೆಯ ಬಾಗಿಲ ಕಡೆ ನಡೆದರು. ಸಿಮೆಂಟಿನ ಅಂಗಳ, ಬೆಳಗಿನ ಹೊತ್ತು, ಬೇರೆ ಗದ್ದಲವಿರಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. ಟಕ್, ಸ್ರ್. ಟಕ್, ಸ್ರ್. ನಾನು ಅಲ್ಲೇ ನಿಂತುಬಿಟ್ಟೆ.

ಅವರು ತಿರುಗಿ ನೋಡಿದರು. "ಯಾಕೋ ನಿಂತೆ?"

"ಸದ್ದು ಕೇಳ್ತಿದ್ದೆ."

"ಯಾವ್ದು, ಗಾಡಿದಾ?" ಆ ಗಳಿಗೆಯಲ್ಲೂ ಅವರ ಕಿವಿ ನೆಟ್ಟಗಾಯಿತು.

"ಅಲ್ಲ ಭಾವ. ನಿಮ್ದು."

ಅವರು ತಾವೂ ಒಂದು ಹೆಜ್ಜೆ ಇಟ್ಟು, ತಲೆ ವಾರೆ ಮಾಡಿ, ಬಾನೆಟ್ ಎತ್ತಿದ ಇಂಜಿನ್ ಕೇಳುವ ಹಾಗೆ ಕೇಳಿಸಿಕೊಂಡರು. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ಕೇಳಿದರು.

"ತುಂಬಾ ದಿನದ್ದು ಇದು" ಎಂದರು. "ಇಬ್ರಿಗೂ ಕೇಳಿಸ್ಲಿಲ್ಲವಲ್ಲೋ."

ಬಾಗಿಲಿಗೆ ಐದು ಮೆಟ್ಟಿಲುಗಳಿದ್ದವು. ಅವರು ಮೆಟ್ಟಿಲುಗಳನ್ನು ನೋಡಿದರು, ನನ್ನನ್ನು ನೋಡಿದರು. "ಬಾ ಹದಿಮೂರು, ಭುಜ ಕೊಡು" ಎಂದರು. ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು ಹೋಗಿ ಕೊಟ್ಟೆ.